ತಲೆಹೊಟ್ಟಿಗೆ ಬೇಕಾದ್ದು ಐದು ನಿಮಿಷ, ಸಾವಿರ ರೂಪಾಯಿಯ ಎಣ್ಣೆ ಅಲ್ಲ

ನಮ್ಮ ಬಾಳೆಹೊನ್ನೂರು ಕಡೆಯ ಯಾವ ಅಡಿಕೆ ಬೆಳೆಗಾರರನ್ನಾದರೂ ನಿಲ್ಲಿಸಿ, ಬೋರ್ಡೋ ದ್ರಾವಣ ಮಾಡೋದು ಹೇಗೆ ಅಂತ ಕೇಳಿ. ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಕತ್ತಿ ಅದ್ದಿ ನೋಡಬೇಕು, ಅಲಗಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ.

ಅದೇ ಬೆಳೆಗಾರರ ತಲೆಯಲ್ಲಿ ಹೊಟ್ಟು ಉದುರುತ್ತಿದ್ದರೆ ಏನು ಮಾಡುತ್ತಾರೆ? ಯಾರೋ ಹೇಳಿದರು ಅಂತ ನಿಂಬೆಹುಳಿ ಉಜ್ಜುತ್ತಾರೆ. ಇನ್ಯಾರೋ ಹೇಳಿದರು ಅಂತ ಮೊಸರು. ಮೊಬೈಲಿನಲ್ಲಿ ಕಂಡಿತು ಅಂತ ಸಾವಿರ ರೂಪಾಯಿಯ ಎಣ್ಣೆ. ಅಳತೆ ಇಲ್ಲ, ಅವಧಿ ಇಲ್ಲ, ಏನು ಕಾಯಿಲೆ ಅನ್ನೋ ವಿಚಾರಣೆಯೂ ಇಲ್ಲ. ಅಡಿಕೆ ಮರಕ್ಕೆ ಕೊಡುವಷ್ಟು ಮರ್ಯಾದೆಯನ್ನು ನಾವು ನಮ್ಮ ತಲೆಗೆ ಕೊಡುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ತಲೆಹೊಟ್ಟು ಅನ್ನೋದು ಸುದ್ದಿಯೇ ಅಲ್ಲ ಅಂತ ನಿಮಗೆ ಅನ್ನಿಸಬಹುದು. ಆನೆ ಬಂತು, ಸೇತುವೆ ಮೇಲೆ ನೀರು ಬಂತು, ಅಡಿಕೆ ಧಾರಣೆ ಬಿತ್ತು, ಇವು ಸುದ್ದಿ. ಆದರೆ ಸುದ್ದಿಗಾಗಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಶಾಲೆಗಳಿಗೆ ಹೋದಾಗ ಕಪ್ಪು ಸ್ವೆಟರ್ ಹಾಕಿಕೊಳ್ಳಲು ಹಿಂಜರಿಯುವ ಹುಡುಗಿಯರನ್ನು ನೋಡಿದ್ದೇನೆ. ಹಿಂದಿನ ಬೆಂಚಿನವರು ನಗುತ್ತಾರೆ ಅಂತ ಹೆಗಲ ಮೇಲಿನ ಬಿಳಿ ಪುಡಿ ಕೊಡವುತ್ತಲೇ ಇರುವ ಪಿಯುಸಿ ಹುಡುಗರನ್ನು ನೋಡಿದ್ದೇನೆ. ‘ಸ್ನಾನ ಮಾಡಲ್ವಾ ನೀನು?’ ಅನ್ನೋ ಒಂದು ಮಾತು ಸಾಕು, ಆ ವಯಸ್ಸಿನ ಮಕ್ಕಳು ಕುಗ್ಗಿ ಹೋಗಲು. ಆ ಮಾತು ಸುಳ್ಳು ಅನ್ನೋದನ್ನು ಮೊದಲು ಹೇಳಬೇಕು.

ಹೊಟ್ಟು ಅಂದರೆ ಏನು?

ಭತ್ತ ಕುಟ್ಟಿದರೆ ಹೊಟ್ಟು ಬರುತ್ತದೆ. ತಲೆಯ ಚರ್ಮವೂ ಹಾಗೆಯೇ ದಿನಾ ತನ್ನ ಹಳೆಯ ಸಿಪ್ಪೆ ಕಳಚುತ್ತಿರುತ್ತದೆ. ಸಾಮಾನ್ಯವಾಗಿ ಚರ್ಮದ ಒಂದು ಪದರ ಹುಟ್ಟಿ ಉದುರಲು ಸುಮಾರು ಒಂದು ತಿಂಗಳು ಬೇಕು. ಉದುರುವ ಚೂರು ಎಷ್ಟು ಸಣ್ಣದೆಂದರೆ ಕಣ್ಣಿಗೆ ಕಾಣುವುದಿಲ್ಲ. ಹೊಟ್ಟು ಇದ್ದವರಲ್ಲಿ ಈ ಕೆಲಸ ಅವಸರದಲ್ಲಿ ನಡೆಯುತ್ತದೆ. ಬಲಿಯುವ ಮೊದಲೇ ಪದರಗಳು ಗುಂಪು ಗುಂಪಾಗಿ ಎದ್ದು ಬರುತ್ತವೆ. ಹೆಗಲ ಮೇಲೆ ಬೀಳುವುದು ಅದೇ.

ಅವಸರ ಮಾಡಿಸುವುದು ಯಾರು? ಮಲಾಸೇಜಿಯಾ ಅನ್ನೋ ಶಿಲೀಂಧ್ರ. 1874ರಲ್ಲಿ ಫ್ರಾನ್ಸಿನ ಲೂಯಿ ಶಾರ್ಲ್ ಮಲಾಸೇ ಎಂಬ ವಿಜ್ಞಾನಿ ಇದನ್ನು ತಲೆಹೊಟ್ಟಿನಲ್ಲಿ ಗುರುತಿಸಿದರು. ಅವರ ಹೆಸರೇ ಅದಕ್ಕೆ ಬಂತು. ಇದು ಹೊರಗಿನಿಂದ ಬಂದ ಕಳ್ಳನಲ್ಲ, ಹೆಚ್ಚುಕಡಿಮೆ ಎಲ್ಲ ದೊಡ್ಡವರ ತಲೆಯ ಮೇಲೂ ವಾಸ ಮಾಡುವ ಬಾಡಿಗೆದಾರ. ತನಗೆ ಬೇಕಾದ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ನಮ್ಮ ಚರ್ಮ ಸುರಿಸುವ ಜಿಡ್ಡನ್ನು ತಿನ್ನುತ್ತದೆ, ತಿಂದು ಉಳಿಸಿದ್ದನ್ನು ಅಲ್ಲೇ ಬಿಡುತ್ತದೆ. ಆ ಉಳಿಕೆಯಲ್ಲಿ ಒಲೇಯಿಕ್ ಆಮ್ಲದಂಥ ವಸ್ತುಗಳಿರುತ್ತವೆ. ಕೆಲವರ ಚರ್ಮ ಅದನ್ನು ತಡೆದುಕೊಳ್ಳುತ್ತದೆ, ಕೆಲವರದ್ದು ತಡೆಯುವುದಿಲ್ಲ. ತಡೆಯದವರಿಗೆ ತುರಿಕೆ, ಹೊಟ್ಟು.

ಹಾಗಾಗಿ ಹೊಟ್ಟು ಕೊಳಕುತನದ ಗುರುತಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯೂ ಅಲ್ಲ. ಹದಿನಾಲ್ಕು ಹದಿನೈದನೇ ವಯಸ್ಸಿಗೆ ಶುರುವಾಗುವುದು ಯಾಕೆಂದರೆ ಮೈ ನೆರೆಯುವ, ಮೀಸೆ ಮೊಳೆಯುವ ಹೊತ್ತಿಗೆ ಚರ್ಮದ ಜಿಡ್ಡಿನ ಗ್ರಂಥಿಗಳು ಕೆಲಸ ಹೆಚ್ಚು ಮಾಡುತ್ತವೆ. ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆ, ಗಡ್ಡದೊಳಗೆ ಕೆಂಪಾಗಿ ಜಿಡ್ಡುಜಿಡ್ಡಾದ ಸಿಪ್ಪೆ ಏಳುವುದೂ ಇದೇ ಕಾಯಿಲೆಯ ದೊಡ್ಡ ರೂಪ. ಇದಕ್ಕೆ ಡಾಕ್ಟರು ಸೆಬೊರಿಕ್ ಡರ್ಮಟೈಟಿಸ್ ಅನ್ನುತ್ತಾರೆ.

ಶಿಲೀಂಧ್ರದ ಜೊತೆ ಬದುಕುವುದು ಮಲೆನಾಡಿನವರಿಗೆ ಹೊಸತೇನಲ್ಲ. ಕಾಫಿ ಎಲೆಯ ತುಕ್ಕು ರೋಗ ಶಿಲೀಂಧ್ರದ್ದೇ. 1925ರಲ್ಲಿ ಬಾಳೆಹೊನ್ನೂರಿನ ಪಕ್ಕದಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ನೂರು ವರ್ಷದಿಂದ ಅದರ ಜೊತೆ ಗುದ್ದಾಡುತ್ತಲೇ ಇದೆ. ತುಕ್ಕು ರೋಗಕ್ಕೆ ಒಂದು ಸಲ ಔಷಧಿ ಹೊಡೆದರೆ ಜೀವಮಾನಕ್ಕೆ ಸಾಕು ಅಂತ ಯಾವ ಬೆಳೆಗಾರರೂ ನಂಬುವುದಿಲ್ಲ. ಆದರೆ ‘ಒಂದೇ ವಾರದಲ್ಲಿ ಹೊಟ್ಟು ಶಾಶ್ವತವಾಗಿ ಮಾಯ’ ಅಂದರೆ ನಂಬುತ್ತಾರೆ. ಹೊಟ್ಟು ಶಾಶ್ವತವಾಗಿ ಹೋಗುವುದಿಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬಹುದು. ಇಷ್ಟು ಒಪ್ಪಿಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ.

ಅಜ್ಜಿಯ ಎಣ್ಣೆ ತಪ್ಪಾ?

ಈ ಪ್ರಶ್ನೆ ಬಂದೇ ಬರುತ್ತದೆ. ‘ಎಣ್ಣೆ ಹಚ್ಚದೆ ತಲೆ ಒಣಗಿದೆ, ಅದಕ್ಕೇ ಹೊಟ್ಟು’ ಅಂತ ಮನೆಮನೆಯಲ್ಲೂ ಹೇಳುತ್ತಾರೆ. ಎಣ್ಣೆ ಹಚ್ಚಿದ ದಿನ ಹೊಟ್ಟು ಕಾಣುವುದಿಲ್ಲ ಅನ್ನೋದು ನಿಜ. ಯಾಕೆಂದರೆ ಸಿಪ್ಪೆ ಎಣ್ಣೆಗೆ ಅಂಟಿಕೊಂಡು ಕೂತಿರುತ್ತದೆ, ಉದುರುವುದಿಲ್ಲ. ಕಡಿಮೆಯಾದದ್ದಲ್ಲ, ಅಡಗಿದ್ದು. ಜಿಡ್ಡು ತಿಂದು ಬದುಕುವ ಜೀವಿಯ ಮೇಲೆ ಜಿಡ್ಡು ಸುರಿದು ವಾರಗಟ್ಟಲೆ ಬಿಟ್ಟರೆ ಏನು ಪ್ರಯೋಜನ?

ಆದರೆ ಅಜ್ಜಿಯಂದಿರ ಪದ್ಧತಿಯನ್ನು ಪೂರ್ತಿ ನೆನಪು ಮಾಡಿಕೊಳ್ಳಿ. ಅವರು ಎಣ್ಣೆ ಹಚ್ಚುತ್ತಿದ್ದರು, ಹೌದು. ಅದೇ ದಿನ ಸೀಗೆಪುಡಿಯೋ ಅಂಟುವಾಳವೋ ದಾಸವಾಳ ಸೊಪ್ಪಿನ ಲೋಳೆಯೋ ಹಾಕಿ ಜಿಡ್ಡು ಬಿಡುವವರೆಗೆ ತಿಕ್ಕಿ ತೊಳೆಯುತ್ತಿದ್ದರು. ಅದು ಅಭ್ಯಂಜನ. ನಾವು ಅದರಲ್ಲಿ ಅರ್ಧ ಉಳಿಸಿಕೊಂಡು ಅರ್ಧ ಬಿಟ್ಟೆವು. ದಿನಾ ಬೆಳಗ್ಗೆ ಎಣ್ಣೆ, ತಲೆಗೆ ನೀರು ಭಾನುವಾರ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂದಲು ಒಣಗುವುದಿಲ್ಲ, ಶೀತ ಆಗುತ್ತದೆ ಅಂತ ಆ ಭಾನುವಾರವೂ ತಪ್ಪುತ್ತದೆ. ಅದರ ಮೇಲೆ ಕೊಪ್ಪೆ, ಹೆಲ್ಮೆಟ್, ಮಂಕಿ ಕ್ಯಾಪ್. ಒಳಗೆ ಬೆವರು, ಜಿಡ್ಡು, ಬೆಚ್ಚಗಿನ ತೇವ.

ಎಣ್ಣೆ ಬೇಕೇ ಬೇಕು ಅಂದರೆ ತಲೆ ತೊಳೆಯುವ ಅರ್ಧ ಗಂಟೆ ಒಂದು ಗಂಟೆ ಮೊದಲು ಹಚ್ಚಿ, ಸಿಪ್ಪೆ ಮೆದುವಾಗುತ್ತದೆ. ಆಮೇಲೆ ಪೂರ್ತಿ ತೊಳೆಯಿರಿ. ಹೊಟ್ಟು ಇರುವಾಗ ರಾತ್ರಿಯಿಡೀ ಬಿಡಬೇಡಿ.

ಇನ್ನೊಂದು, ಬಚ್ಚಲ ಹಂಡೆಯ ನೀರು. ಚಳಿ ಊರು ನಮ್ಮದು, ಕುದಿಯುವ ನೀರೇ ಬೇಕು. ಮೈಗೆ ಹೇಗಾದರೂ ಇರಲಿ, ತಲೆಗೆ ಉಗುರುಬೆಚ್ಚಗಿನ ನೀರು ಸಾಕು. ಕೊತಕೊತ ನೀರು ಚರ್ಮವನ್ನು ಇನ್ನಷ್ಟು ಕೆರಳಿಸುತ್ತದೆ. ಒದ್ದೆ ಕೂದಲನ್ನು ಹಾಗೆಯೇ ತುರುಬು ಕಟ್ಟಬೇಡಿ, ಒಣಬಟ್ಟೆಯಲ್ಲಿ ಒರೆಸಿ, ಒಲೆಯಿಂದ ದೂರ ಬೆಚ್ಚಗಿನ ಜಾಗದಲ್ಲಿ ಹರಡಿಕೊಂಡು ಒಣಗಿಸಿ.

ನಿಂಬೆಹುಳಿಯ ಬಗ್ಗೆ ಒಂದು ಎಚ್ಚರಿಕೆ. ಕೆರೆದು ಗಾಯವಾದ ತಲೆಗೆ ಅದು ಉರಿ ಕೊಡುತ್ತದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ರಸ ಹರಿದ ಕಡೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು.

ಔಷಧಿ ಯಾವುದು, ಬಳಸುವುದು ಹೇಗೆ?

ಬೋರ್ಡೋದಲ್ಲಿ ಮೈಲುತುತ್ತ ಇದ್ದಂತೆ ಹೊಟ್ಟಿನ ಶಾಂಪೂವಿನಲ್ಲಿ ಒಂದು ಔಷಧಿ ಇರುತ್ತದೆ. ಬಾಟಲಿಯ ಮುಂದಿನ ಚಿತ್ರ ಬಿಡಿ, ಹಿಂದೆ ತಿರುಗಿಸಿ ಆ ಹೆಸರು ಹುಡುಕಿ. ಕೀಟೋಕೊನಜೋಲ್ ಶೇ 2, ಸೆಲೆನಿಯಂ ಸಲ್ಫೈಡ್, ಜಿಂಕ್ ಪೈರಿಥಿಯೋನ್, ಇವು ಶಿಲೀಂಧ್ರವನ್ನು ತಗ್ಗಿಸುವಂಥವು. ಸ್ಯಾಲಿಸಿಲಿಕ್ ಆಮ್ಲ ದಪ್ಪ ಸಿಪ್ಪೆಯನ್ನು ಸಡಿಲ ಮಾಡುತ್ತದೆ. ಕೋಲ್ ಟಾರ್ ಚರ್ಮದ ಅವಸರವನ್ನು ನಿಧಾನ ಮಾಡುತ್ತದೆ. ಈ ಯಾವ ಹೆಸರೂ ಇಲ್ಲದೆ ಬರೀ ಎಲೆ, ಹೂವು, ಹಿಮದ ಚಿತ್ರ ಇದ್ದರೆ ಅದು ಕೂದಲು ತೊಳೆಯುವ ಸೋಪು ಅಷ್ಟೇ.

ಕೀಟೋಕೊನಜೋಲ್ ಶಾಂಪೂ ಬಳಸುವ ಸಾಮಾನ್ಯ ಕ್ರಮ ಹೀಗಿದೆ. ವಾರಕ್ಕೆ ಎರಡು ಸಲ, ಮಧ್ಯೆ ಮೂರು ದಿನ ಬಿಟ್ಟು. ಮೊದಲು ಮಾಮೂಲಿ ಶಾಂಪೂವಿನಲ್ಲಿ ಜಿಡ್ಡು ತೆಗೆಯಿರಿ. ಆಮೇಲೆ ಇದನ್ನು ಬೆರಳ ತುದಿಯಿಂದ ತಲೆಯ ಚರ್ಮಕ್ಕೆ ಹಚ್ಚಿ, ಕೂದಲಿಗಲ್ಲ. ಉಗುರಿನಿಂದ ಕೆರೆಯಬೇಡಿ. ಹಚ್ಚಿ ಮೂರರಿಂದ ಐದು ನಿಮಿಷ ಹಾಗೇ ಬಿಡಿ. ನಂತರ ಕಣ್ಣಿಗೆ ಹೋಗದಂತೆ ತೊಳೆಯಿರಿ. ಹೀಗೆ ಎರಡರಿಂದ ನಾಲ್ಕು ವಾರ. ಕಡಿಮೆಯಾದ ಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ ಮುಂದುವರಿಸಿ. ಗರ್ಭಿಣಿಯರು, ಎಳೆಮಕ್ಕಳು ಇದ್ದರೆ ಡಾಕ್ಟರನ್ನು ಕೇಳಿಯೇ ಬಳಸಿ.

ಎಲ್ಲರೂ ಎಡವುವುದು ಆ ಐದು ನಿಮಿಷದಲ್ಲಿ. ಔಷಧಿ ಹಚ್ಚುವುದು, ನೊರೆ ಬಂದ ಕೂಡಲೇ ಎರಡು ಚೊಂಬು ನೀರು ಸುರಿಯುವುದು, ‘ಇದು ಕೆಲಸ ಮಾಡಲ್ಲ ಮಾರಾಯ್ರೆ’ ಅಂತ ಬಾಟಲಿ ಬದಲಿಸುವುದು. ಬೋರ್ಡೋ ಹೊಡೆದ ಕೂಡಲೇ ಜೋರು ಮಳೆ ಬಂದರೆ ಇನ್ನೊಮ್ಮೆ ಹೊಡೆಯಬೇಕು ಅಂತ ಗೊತ್ತಿರುವ ಜನ ನಾವು. ಆ ಲೆಕ್ಕ ತಲೆಗೂ ಅನ್ವಯಿಸುತ್ತದೆ. ಹಚ್ಚಿಕೊಂಡು ಮೈಗೆ ಸೋಪು ಹಾಕಿ, ಕೈಕಾಲು ತಿಕ್ಕಿ ಮುಗಿಸಿ, ಕೊನೆಗೆ ತಲೆ ತೊಳೆಯಿರಿ. ಐದು ನಿಮಿಷ ಆಗಿರುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ತಿಂಗಳು ಸರಿಯಾಗಿ ಬಳಸಿಯೂ ಕಡಿಮೆಯಾಗದಿದ್ದರೆ ಬೇರೆ ಔಷಧಿಯ ಶಾಂಪೂ ನೋಡಬಹುದು, ಇಲ್ಲವೇ ಡಾಕ್ಟರಿಗೆ ತೋರಿಸಬೇಕು. ಚಳಿಗಾಲದಲ್ಲಿ, ನಿದ್ದೆಗೆಟ್ಟಾಗ, ಚಿಂತೆ ಹೆಚ್ಚಾದಾಗ ಮತ್ತೆ ಬರುತ್ತದೆ. ಬಂದರೆ ಸೋತಂತಲ್ಲ, ಮತ್ತೆ ಶುರು ಮಾಡಿ. ಕೂದಲು ಪೂರ್ತಿ ಉದುರಿ ಬೋಳಾಗುತ್ತದೆ ಅನ್ನೋ ಹೆದರಿಕೆಯೂ ಬೇಡ. ಕೆರೆದು ಕೆರೆದು ಒಂದಷ್ಟು ಕೂದಲು ಹೋಗಬಹುದು, ತುರಿಕೆ ನಿಂತರೆ ಅದೂ ನಿಲ್ಲುತ್ತದೆ.

ಮೊಬೈಲಿನ ಎಣ್ಣೆಗಳು

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಮಾಡುವ ಗಿಡಮೂಲಿಕೆ ಎಣ್ಣೆ ಈಗ ‘ಆದಿವಾಸಿ ಹೇರ್ ಆಯಿಲ್’ ಅನ್ನೋ ಹೆಸರಿನಲ್ಲಿ ದೇಶವೆಲ್ಲ ಸುತ್ತುತ್ತಿದೆ. ಮೊಣಕಾಲುದ್ದ ಕೂದಲು ಬಿಟ್ಟವರು ರೀಲ್ಸಿನಲ್ಲಿ ಬರುತ್ತಾರೆ. ಹೊಟ್ಟು, ಉದುರುವಿಕೆ, ಬೋಳುತಲೆ ಎಲ್ಲಕ್ಕೂ ಅದೇ ಎಣ್ಣೆ.

ಆ ಜನರ ಮೇಲೆ ನನಗೆ ಸಿಟ್ಟಿಲ್ಲ. ಬೇಟೆ ನಿಂತ ಮೇಲೆ ಊರೂರು ತಿರುಗಿ, ಸಮುದ್ರ ದಾಟಿ ವ್ಯಾಪಾರ ಮಾಡಿದ ಸಮುದಾಯ ಅದು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಗಿಡಮೂಲಿಕೆ ಮಾರಲು ಹೋದ ಹಕ್ಕಿಪಿಕ್ಕಿಗಳೇ ಇದ್ದರು. ಹೊಟ್ಟೆಪಾಡು ಅದು. ಎಣ್ಣೆ ಕೂದಲಿಗೆ ಹೊಳಪು ಕೊಡಬಹುದು, ಸಿಕ್ಕು ಬಿಡಿಸಬಹುದು. ಅಷ್ಟನ್ನೇ ಹೇಳಿ ಮಾರಿದರೆ ಯಾರ ತಕರಾರೂ ಇಲ್ಲ. ಆದರೆ ಹೆಸರು ನಕಲು ಮಾಡಿ, ಎಲ್ಲಿಂದಲೋ ಬಾಟಲಿ ತುಂಬಿ ಕಳಿಸುವವರಿಗೆ ಕಡಿವಾಣ ಬೇಡವೇ? ಔಷಧ ನಿಯಮಾವಳಿ 1945ರಲ್ಲಿ ಶೆಡ್ಯೂಲ್ ‘ಜೆ’ ಅಂತ ಒಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿರುವ ಕಾಯಿಲೆಗಳನ್ನು ಗುಣಪಡಿಸುತ್ತೇವೆ ಅಂತ ಯಾವ ಔಷಧಿಯೂ ಹೇಳಿಕೊಳ್ಳುವಂತಿಲ್ಲ. ಬೋಳುತಲೆ ಆ ಪಟ್ಟಿಯಲ್ಲಿದೆ. ಹೊಸ ಕೂದಲು ಬೆಳೆಸುತ್ತೇವೆ ಅನ್ನೋದೂ ಇದೆ. ಆದರೂ ದಿನಾ ಬೆಳಗಾದರೆ ನಮ್ಮ ಫೋನಿನಲ್ಲಿ ಅದೇ ಮಾತು.

ಹೊಟ್ಟಲ್ಲದ ಹೊಟ್ಟು

ಇಲ್ಲಿಯವರೆಗೆ ಓದಿದ್ದು ಮರೆತರೂ ಪರವಾಗಿಲ್ಲ, ಇದೊಂದು ನೆನಪಿಡಿ. ಹಾಲು ಕುಡಿಯುವ ಕೂಸಿನ ನೆತ್ತಿಯಲ್ಲಿ ಹಳದಿ ಸಿಪ್ಪೆ ಕಟ್ಟುವುದು ಸಹಜ, ತಿಂಗಳುಗಳಲ್ಲಿ ತಾನೇ ಹೋಗುತ್ತದೆ. ಆದರೆ ಅಂಗನವಾಡಿಯಿಂದ ಐದನೇ ಕ್ಲಾಸಿನವರೆಗಿನ ಮಗುವಿನ ತಲೆಯಲ್ಲಿ ಸಿಪ್ಪೆ ಏಳುತ್ತಿದ್ದರೆ ಅದನ್ನು ಹೊಟ್ಟು ಅಂದುಕೊಳ್ಳಬೇಡಿ. ಆ ವಯಸ್ಸಿನಲ್ಲಿ ತಲೆಯ ಜಿಡ್ಡೇ ಕಡಿಮೆ, ಹೊಟ್ಟು ಬರುವುದೂ ಕಡಿಮೆ. ಅದು ಹುಳುಕಡ್ಡಿ ಇರಬಹುದು. ಮೈಮೇಲೆ ಉಂಗುರದಂತೆ ಏಳುವ ಅದೇ ಕಾಯಿಲೆ ತಲೆಗೂ ಬರುತ್ತದೆ. ದುಂಡಗೆ ಒಂದು ಜಾಗದಲ್ಲಿ ಕೂದಲು ಮುರಿದು ಕಪ್ಪು ಚುಕ್ಕೆಯಂತೆ ಕಾಣುತ್ತದೆ, ಸಿಪ್ಪೆ ಏಳುತ್ತದೆ, ತುರಿಸುತ್ತದೆ. ಇದು ಅಂಟುತ್ತದೆ. ಬಾಚಣಿಗೆ, ಟೋಪಿ, ಟವೆಲ್‌ನಿಂದ, ಬೆಕ್ಕಿನಿಂದ, ಕರುವಿನಿಂದ ಕೂಡ.

ತಲೆಯ ಹುಳುಕಡ್ಡಿಗೆ ಬರೀ ಶಾಂಪೂ, ಮುಲಾಮು ಸಾಲದು. ಡಾಕ್ಟರು ಬರೆದುಕೊಡುವ ಮಾತ್ರೆಯನ್ನು ಕೆಲವು ವಾರ ನುಂಗಿಸಬೇಕು. ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ ಏಳು ವರ್ಷದ ಹುಡುಗನೊಬ್ಬನನ್ನು ನೋಡಿದ್ದೆ. ಹೊಟ್ಟು ಅಂತ ಎರಡು ತಿಂಗಳು ಎಣ್ಣೆ ಹಚ್ಚಿದರು. ಆಮೇಲೆ ತಲೆ ಬೋಳಿಸಿದರು. ಕೀವು ತುಂಬಿ ಮೆತ್ತಗೆ ಊದಿಕೊಂಡ ಮೇಲೆ ಆಸ್ಪತ್ರೆಗೆ ಹೋದರು. ಕಾಯಿಲೆ ವಾಸಿಯಾಯಿತು, ಆದರೆ ಅಷ್ಟು ಜಾಗದಲ್ಲಿ ಕೂದಲು ಮತ್ತೆ ಬರಲಿಲ್ಲ. ಮೊದಲ ವಾರವೇ ತೋರಿಸಿದ್ದರೆ ಆ ಕಲೆ ಇರುತ್ತಿರಲಿಲ್ಲ.

ದೊಡ್ಡವರೂ ಕೆಲವು ಗುರುತು ಗಮನಿಸಿ. ಬೆಳ್ಳಿಯಂತೆ ಹೊಳೆಯುವ ದಪ್ಪ ಸಿಪ್ಪೆ, ಜೊತೆಗೆ ಮೊಣಕೈ, ಮೊಣಕಾಲಿನಲ್ಲೂ ಇದ್ದರೆ ಅದು ಸೋರಿಯಾಸಿಸ್ ಇರಬಹುದು. ಬಿಳಿ ಚುಕ್ಕಿ ಕೂದಲಿಗೆ ಅಂಟಿಕೊಂಡು, ಎಳೆದರೂ ಬರದಿದ್ದರೆ ಅದು ಹೇನಿನ ಸೀರು. ತಲೆಗೆ ಕಪ್ಪು ಬಣ್ಣ ಹಚ್ಚಿದ ಒಂದೆರಡು ದಿನದಲ್ಲಿ ತುರಿಕೆ, ನೀರಿಳಿಯುವುದು, ಮುಖ ಊದುವುದು ಕಂಡರೆ ಅದು ಬಣ್ಣದ ಅಲರ್ಜಿ, ಆ ಬಣ್ಣವನ್ನು ಮತ್ತೆ ಮುಟ್ಟಬೇಡಿ. ಇದ್ದಕ್ಕಿದ್ದಂತೆ ಮುಖ, ಎದೆಗೆಲ್ಲ ಹರಡಿ, ತೂಕವೂ ಇಳಿಯುತ್ತಿದ್ದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಮೈಯ ರೋಗನಿರೋಧಕ ಶಕ್ತಿ ಕುಗ್ಗಿದಾಗಲೂ ಹೀಗಾಗುತ್ತದೆ.

ಇಂಥ ಎಲ್ಲದಕ್ಕೂ ಒಂದೇ ಟ್ಯೂಬು ಕೊಡುವ ಅಂಗಡಿಗಳಿವೆ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಮೂರು ದಿನ ತುರಿಕೆ ನಿಲ್ಲುತ್ತದೆ, ಹುಳುಕಡ್ಡಿ ಮಾತ್ರ ಒಳಗೊಳಗೇ ಹಬ್ಬುತ್ತದೆ, ಚರ್ಮ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ‘ಎಚ್’ಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಕಾನೂನು ಇದೆ, ಕೇಳುವವರಿಲ್ಲ. ನಾವೇ ಕೇಳೋಣ. ‘ಇದರಲ್ಲಿ ಸ್ಟೀರಾಯ್ಡ್ ಇದೆಯಾ?’ ಅಂತ ಒಂದು ಮಾತು.

ಏನು ಮಾಡಬಹುದು?

ಮೊದಲನೆಯದು ಶಾಲೆ. ದಿನಾ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡೇ ಬರಬೇಕು ಅಂತ ಕೆಲವು ಕಡೆ ಗದರುತ್ತಾರೆ. ಜಡೆ ಇರಲಿ, ಎಣ್ಣೆಯ ಕಡ್ಡಾಯ ಬಿಡಿ ಅಂತ ಮೇಷ್ಟ್ರು, ಟೀಚರ್‌ಗಳಲ್ಲಿ ನನ್ನ ವಿನಂತಿ. ವರ್ಷಕ್ಕೊಮ್ಮೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ತಂಡ ಹಲ್ಲು, ಕಣ್ಣು ನೋಡಿದ ಹಾಗೆ ತಲೆಯನ್ನೂ ನೋಡಲಿ.

ಎರಡನೆಯದು ಕಟಿಂಗ್ ಶಾಪ್. ಊರಿನ ಎಲ್ಲರ ತಲೆಯನ್ನು ಹತ್ತಿರದಿಂದ ನೋಡುವವರು ಅವರೊಬ್ಬರೇ. ದುಂಡಗೆ ಕೂದಲು ಹೋದ ಮಗುವನ್ನು ಕಂಡರೆ ‘ಡಾಕ್ಟರಿಗೆ ತೋರಿಸಿ’ ಅಂತ ಹೇಳಲು ಅವರಿಗೆ ಯಾರಾದರೂ ತಿಳಿಸಿಕೊಟ್ಟರೆ ಸಾಕು. ಆಶಾ ಕಾರ್ಯಕರ್ತೆಯರ ಮೇಲೆ ಇನ್ನೊಂದು ಹೊರೆ ಹೇರುವುದಕ್ಕಿಂತ ಇದು ಸುಲಭ. ಬಾಚಣಿಗೆ, ಕತ್ತರಿ, ಮಷೀನ್ ಪ್ರತಿಯೊಬ್ಬರ ನಂತರ ತೊಳೆದರೆ ಇನ್ನೂ ಒಳ್ಳೆಯದು.

ಮೂರನೆಯದು ಲೇಬಲ್. ಕರ್ನಾಟಕದಲ್ಲಿ ತಯಾರಾಗುವ ಸರಕಿನ ಹೆಸರು, ಬಳಸುವ ಕ್ರಮ ಕನ್ನಡದಲ್ಲೂ ಇರಬೇಕು ಅನ್ನುತ್ತದೆ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ. ಹೊರರಾಜ್ಯದಿಂದ ಬರುವುದಕ್ಕೆ ಇಂಗ್ಲಿಷೋ ಹಿಂದಿಯೋ ಇದ್ದರೆ ಸಾಕು ಅನ್ನುತ್ತದೆ ಕೇಂದ್ರದ ನಿಯಮ. ಹಾಗಾಗಿ ‘ಐದು ನಿಮಿಷ ಬಿಡಿ’ ಅನ್ನೋ ಮುಖ್ಯ ಮಾತು ಇರುವೆ ಗಾತ್ರದ ಇಂಗ್ಲಿಷಿನಲ್ಲಿದೆ, ಅದೂ ಸ್ಯಾಶೆಯ ಮಡಿಕೆಯೊಳಗೆ. ಜಾಹೀರಾತನ್ನು ಕನ್ನಡದಲ್ಲಿ ಮಾಡಲು ಬರುವ ಕಂಪನಿಗಳಿಗೆ ಒಂದು ಸಾಲಿನ ಸೂಚನೆ ಕನ್ನಡದಲ್ಲಿ ಮುದ್ರಿಸಲು ಏನು ಕಷ್ಟ?

ಚರ್ಮದ ಡಾಕ್ಟರು ಸಿಗುವುದು ಚಿಕ್ಕಮಗಳೂರಿನಲ್ಲೋ ಶಿವಮೊಗ್ಗದ ಮೆಗ್ಗಾನ್‌ನಲ್ಲೋ, ಒಂದು ದಿನದ ಕೂಲಿ ಹೋಗುತ್ತದೆ ಅನ್ನೋದು ನಿಜ. ಆದರೆ ಮೊದಲ ಹಂತಕ್ಕೆ ಅಲ್ಲಿಯವರೆಗೆ ಹೋಗಬೇಕಿಲ್ಲ, ಹತ್ತಿರದ ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೆ ತೋರಿಸಿ. ಫೋನಿನಲ್ಲಿ ಇ-ಸಂಜೀವಿನಿ ಇದೆ, ಸರ್ಕಾರದ್ದು, ದುಡ್ಡಿಲ್ಲ. ರೀಲ್ಸ್ ನೋಡುವ ಅದೇ ಫೋನು, ಅದೇ ನೆಟ್‌ವರ್ಕು.

ಇವತ್ತು ಒಂದು ಕೆಲಸ ಮಾಡಿ. ಬಚ್ಚಲಲ್ಲಿರುವ ಶಾಂಪೂ ಬಾಟಲಿ ತಿರುಗಿಸಿ ಔಷಧಿಯ ಹೆಸರು ಇದೆಯಾ ನೋಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬೆಳಕಿನಲ್ಲಿ ಕೂರಿಸಿ ಅವರ ತಲೆ ಬಗೆದು ನೋಡಿ. ಹೆಗಲ ಮೇಲೆ ಹೊಟ್ಟು ಬಿದ್ದ ಹುಡುಗ ಹುಡುಗಿ ಕಂಡರೆ, ನಗಬೇಡಿ.